ತೈ ಚಿ ಹುಟ್ಟಿದ್ದು ಬೆಟ್ಟದಲ್ಲೋ, ಹಳ್ಳಿಯಲ್ಲೋ?

ತೈ ಚಿ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಬೆಳಗಿನ ಪಾರ್ಕು, ನಿಧಾನವಾಗಿ ಕೈ ತೇಲಿಸುವ ಹಿರಿಯರು. ಅದರ ಪೂರ್ತಿ ಹೆಸರು ತೈಜಿಚ್ವಾನ್. ಕೊನೆಯಲ್ಲಿರುವ 'ಚ್ವಾನ್' ಎಂದರೆ ಮುಷ್ಟಿ. ಹೊಡೆದಾಟದ ಕಲೆಯೊಂದು ಮಂಡಿನೋವಿನ ವ್ಯಾಯಾಮವಾಗಿ ಹೆಸರಾದದ್ದು ಹೇಗೆ? ಇದನ್ನು ಕಟ್ಟಿದವರು ಯಾರು? ಚೀನಾದಲ್ಲೇ ಒಬ್ಬೊಬ್ಬರು ಒಂದೊಂದು ಉತ್ತರ ಕೊಡುತ್ತಾರೆ.

ಬೆಟ್ಟದ ಕಥೆ ಹೀಗಿದೆ. ಹುಬೈ ಪ್ರಾಂತ್ಯದ ವುಡಾಂಗ್ ಬೆಟ್ಟದಲ್ಲಿ ಜಾಂಗ್ ಸಾನ್‌ಫೆಂಗ್ ಎಂಬ ದಾವೋ ಸನ್ಯಾಸಿ ಇದ್ದ. ಒಂದು ದಿನ ಹಕ್ಕಿ ಮತ್ತು ಹಾವಿನ ಕಾದಾಟ ನೋಡಿದ. ಹಕ್ಕಿ ಕುಕ್ಕಲು ಬಂದಾಗೆಲ್ಲ ಹಾವು ಸರಕ್ಕನೆ ಜಾರಿಕೊಂಡು, ಅದೇ ಸುತ್ತಿನಲ್ಲಿ ತಿರುಗಿ ಹೊಡೆಯುತ್ತಿತ್ತು. ಅಲ್ಲಿಂದ ಈ ಕಲೆ ಬಂತಂತೆ. ಚೆಂದದ ಕಥೆ. ಆದರೆ ಈ ಸನ್ಯಾಸಿ ಯಾವ ಕಾಲದವನು ಎಂಬುದೇ ಒಂದು ಕಥೆಯಿಂದ ಇನ್ನೊಂದಕ್ಕೆ ಬದಲಾಗುತ್ತದೆ. 1669ರಲ್ಲಿ ಹುವಾಂಗ್ ಜೊಂಗ್‌ಶಿ ಎಂಬ ವಿದ್ವಾಂಸ ಒಬ್ಬ ಮುಷ್ಟಿಕಾಳಗದವನ ಸಮಾಧಿಗೆ ಬರೆದ ಲೇಖನದಲ್ಲಿ, ಶಾವೋಲಿನ್ ಬೌದ್ಧ ಮಠದ್ದು 'ಹೊರಗಿನ' ಪಂಥ, ಜಾಂಗ್ ಸಾನ್‌ಫೆಂಗ್‌ನದು 'ಒಳಗಿನ' ಪಂಥ ಎಂದ. ಅಲ್ಲಿ ತೈ ಚಿಯ ಹೆಸರೇ ಇಲ್ಲ. ಆದರೂ ಆ ಮಾತು ಅಂಟಿಕೊಂಡಿತು. ಎಷ್ಟರಮಟ್ಟಿಗೆ ಅಂದರೆ, 1928ರಲ್ಲಿ ನಾನ್‌ಜಿಂಗ್‌ನಲ್ಲಿ ಶುರುವಾದ ಕೇಂದ್ರೀಯ ಗುವೋಶು (ಚೀನೀ ಸಮರಕಲೆ) ಸಂಸ್ಥೆ ಮೊದಲಿಗೆ ಶಾವೋಲಿನ್, ವುಡಾಂಗ್ ಎಂದು ಎರಡು ವಿಭಾಗಗಳನ್ನೇ ಮಾಡಿತು.

ಇನ್ನು ಹಳ್ಳಿ. ಹೆನಾನ್ ಪ್ರಾಂತ್ಯದ ವೆನ್ ಕೌಂಟಿಯಲ್ಲಿ ಚೆನ್ ಮನೆತನದವರ ಊರು, ಚೆನ್‌ಜಿಯಾಗೌ. 1930ರ ದಶಕದ ಆರಂಭದಲ್ಲಿ ಇತಿಹಾಸಕಾರ ಟಾಂಗ್ ಹಾವೋ ಅಲ್ಲಿಗೇ ಹೋಗಿ ಮನೆತನದ ಹಳೇ ದಾಖಲೆ ತೆಗೆಸಿ ನೋಡಿದರು. 17ನೇ ಶತಮಾನದ ಚೆನ್ ವಾಂಗ್‌ಟಿಂಗ್ ಇದನ್ನು ಕಟ್ಟಿದ ಎಂದು ತೀರ್ಮಾನಿಸಿದರು. ಕಡಲ್ಗಳ್ಳರ ವಿರುದ್ಧ ಹೋರಾಡಿದ ಮಿಂಗ್ ಅರಸರ ಕಾಲದ ಸೇನಾಪತಿ ಚಿ ಜಿಗ್ವಾಂಗ್ ಸೈನಿಕರಿಗಾಗಿ 32 ಪಟ್ಟುಗಳನ್ನು ಬರೆದಿಟ್ಟಿದ್ದ. ಅದರಲ್ಲಿ 29 ಪಟ್ಟುಗಳು ಚೆನ್ ಮನೆತನದ ವರಸೆಗಳಲ್ಲಿವೆ ಎಂದೂ ತೋರಿಸಿದರು. ಒಬ್ಬನೇ ಕೂತು ಎಲ್ಲವನ್ನೂ ಕಟ್ಟಿದ ಎನ್ನುವುದರ ಬಗ್ಗೆ ಇವತ್ತೂ ತಕರಾರಿದೆ. ಆದರೆ ಕನಸಿನಂಥ ಕಥೆಗಿಂತ, ಹೊಲದ ಕೆಲಸ ಮುಗಿಸಿ ಅಂಗಳದಲ್ಲಿ ಅಭ್ಯಾಸ ಮಾಡಿದ ಮನೆತನದ ಲೆಕ್ಕವೇ ಜಾಸ್ತಿ ನಂಬುವಂತಿದೆ, ಅಲ್ವಾ?

ಊರು ದಾಟಿದ ಮೇಲೆ ಈ ಕಲೆ ಪೂರ್ತಿ ಬದಲಾಯಿತು. ಹೆಬೈ ಪ್ರಾಂತ್ಯದ ಯೋಂಗ್‌ನಿಯನ್‌ನಿಂದ ಬಂದ ಯಾಂಗ್ ಲುಚಾನ್, ಚೆನ್ ಮನೆತನದ ಚೆನ್ ಚಾಂಗ್‌ಶಿಂಗ್ ಅವರ ಬಳಿ ಕಲಿತ. 19ನೇ ಶತಮಾನದ ನಡುವೆ ಬೀಜಿಂಗ್‌ಗೆ ಹೋಗಿ, ಆಗ ಚೀನಾ ಆಳುತ್ತಿದ್ದ ಮಂಚು ಜನರ ಶ್ರೀಮಂತರಿಗೆ ಕಲಿಸಿದ. ಸೋಲೇ ಇಲ್ಲದ ಯಾಂಗ್ ಎಂದು ಜನ ಕರೆದರು. ಅವನ ಮೊಮ್ಮಗ ಯಾಂಗ್ ಚೆಂಗ್‌ಫು ನೆಗೆತ ತೆಗೆದ, ನೆಲಕ್ಕೆ ಕಾಲು ಅಪ್ಪಳಿಸುವುದನ್ನು ಬಿಟ್ಟ, ವೇಗವನ್ನು ಒಂದೇ ಸಮ ಮಾಡಿದ. ಕಚೇರಿಯಲ್ಲಿ ಕೂತು ಕೆಲಸ ಮಾಡುವವರೂ ಕಲಿಯಬಹುದಾಯಿತು. ಇದು ದೊಡ್ಡ ಉಪಕಾರ. 1928ರಲ್ಲಿ ಚೆನ್ ಫಾಕೆ ಹಳ್ಳಿಯಿಂದ ಬೀಜಿಂಗ್‌ಗೆ ಬಂದು ಮೂಲ ವರಸೆ ತೋರಿಸಿದಾಗ, ಇದೂ ತೈ ಚಿಯೇ ಎಂದು ಕೇಳುವಷ್ಟು ವ್ಯತ್ಯಾಸ ಕಂಡಿತು. ಅಲ್ಲಿ ನಿಧಾನದ ನಡುವೆ ಥಟ್ಟನೆ ಸಿಡಿಯುವ ಏಟು ಇತ್ತು. ಸೊಂಟದಿಂದ ಬೆರಳ ತುದಿಯವರೆಗೆ ರೇಷ್ಮೆ ನೂಲು ಬಿಚ್ಚಿದಂತೆ ಸುರುಳಿ ಇತ್ತು. 1956ರಲ್ಲಿ ಚೀನಾದ ಕ್ರೀಡಾ ಆಯೋಗ ಯಾಂಗ್ ಶೈಲಿಯನ್ನು 24 ಪಟ್ಟುಗಳಿಗೆ ಇಳಿಸಿತು. ಆರೇಳು ನಿಮಿಷದಲ್ಲಿ ಮುಗಿಯುತ್ತದೆ. ಜಗತ್ತಿನ ಪಾರ್ಕುಗಳಿಗೆ ಹೆಚ್ಚಾಗಿ ಹೋದದ್ದು ಇದೇ.

ಈ ಇಳಿಸುವಿಕೆಯಲ್ಲಿ ಹಿಂದೆ ಉಳಿದದ್ದು ಜೋಡಿ ಅಭ್ಯಾಸ, 'ಟುಯಿಶೋ'. ನಮ್ಮಲ್ಲಿ ಇಬ್ಬರು ಹೆಂಗಸರು ಬೀಸುವ ಕಲ್ಲಿನ ಎರಡು ಬದಿ ಕೂತು ಒಂದೇ ಗೂಟ ಹಿಡಿದು ರಾಗಿ ಬೀಸುತ್ತಿದ್ದರಲ್ಲ, ಅದನ್ನು ನೆನಪಿಸಿಕೊಳ್ಳಿ. ಒಬ್ಬಳು ತಳ್ಳಿದಾಗ ಇನ್ನೊಬ್ಬಳ ಕೈ ಸಡಿಲ. ಇವಳ ಸರದಿ ಬಂದಾಗ ಅವಳದು ಸಡಿಲ. ಟುಯಿಶೋದಲ್ಲಿ ಗೂಟವಿಲ್ಲ, ಮುಂಗೈಗೆ ಮುಂಗೈ ತಾಗಿರುತ್ತದೆ. ಎದುರಿನವರು ಒತ್ತಿದರೆ ನೀವು ತಡೆದು ನಿಲ್ಲುವುದಿಲ್ಲ, ಸುಮ್ನೆ ಹಿಂದಕ್ಕೂ ಓಡುವುದಿಲ್ಲ. ಚರ್ಮ ಬಿಡದಂತೆ ಸೊಂಟ ತಿರುಗಿಸಿ, ಭಾರವನ್ನು ಹಿಂಗಾಲಿಗೆ ಇಳಿಸಿಕೊಳ್ಳುತ್ತೀರಿ. ಅವರ ಬಲ ನಿಮ್ಮ ಪಕ್ಕದಿಂದ ಹಾದುಹೋಗುತ್ತದೆ. ಅವರ ಹಿಮ್ಮಡಿ ಕೂದಲೆಳೆಯಷ್ಟು ಎದ್ದರೂ ನಿಮ್ಮ ಮುಂಗೈಗೆ ಗೊತ್ತಾಗಬೇಕು. ಆ ಕ್ಷಣಕ್ಕೆ ಸಣ್ಣ ಒತ್ತು ಸಾಕು. ಇದನ್ನು ಅವರು ಬಲವನ್ನು 'ಆಲಿಸುವುದು' ಎನ್ನುತ್ತಾರೆ. ಪೆಂಗ್, ಲ್ಯೂ, ಜಿ, ಆನ್ ಎಂಬ ನಾಲ್ಕು ಮೂಲ ಬಲಗಳು, ಅಂದರೆ ಉಬ್ಬಿ ತಡೆಯುವುದು, ಸೆಳೆದುಕೊಳ್ಳುವುದು, ಒತ್ತುವುದು, ತಳ್ಳುವುದು, ಕೈಗೆ ಹತ್ತುವುದು ಇಲ್ಲೇ. ಒಬ್ಬರೇ ಮಾಡುವ ವರಸೆಯಲ್ಲಿ ಅವುಗಳ ಆಕಾರ ಮಾತ್ರ ಸಿಗುತ್ತದೆ.

2020ರ ಡಿಸೆಂಬರ್‌ನಲ್ಲಿ ಯುನೆಸ್ಕೋ ತೈಜಿಚ್ವಾನ್ ಅನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಬೆಟ್ಟಕ್ಕೂ ಹಳ್ಳಿಗೂ ಇವತ್ತು ಕಲಿಯುವವರು ತಂಡತಂಡವಾಗಿ ಹೋಗುತ್ತಾರೆ. ಆದರೆ 24 ಪಟ್ಟುಗಳನ್ನು ತಪ್ಪಿಲ್ಲದೆ ಮಾಡುವ ಎಷ್ಟೋ ಜನ ಇನ್ನೊಬ್ಬರ ಮುಂಗೈಗೆ ಒಮ್ಮೆಯೂ ಕೈ ತಾಗಿಸಿ ನಿಂತಿರುವುದಿಲ್ಲ.