ಹಳೆಯ ಲೆನ್ಸಿನ ಗುಣ ಬೇರೆ, ಕಾಯಿಲೆ ಬೇರೆ

ಅಜ್ಜನ ಪೆಟ್ಟಿಗೆಯಲ್ಲೋ ಬಾಗಿಲು ಮುಚ್ಚಿದ ಸ್ಟುಡಿಯೊದ ಕಪಾಟಿನಲ್ಲೋ ಸಿಕ್ಕ ಲೆನ್ಸನ್ನು ಹಿಡಿದು ನನ್ನ ದುರಸ್ತಿ ಮೇಜಿನ ಮುಂದೆ ಬಂದು ನಿಲ್ಲುವವರು ಮೊದಲು ಕೇಳುವುದು ‘ಇದು ನನ್ನ ಕ್ಯಾಮೆರಾಕ್ಕೆ ಕೂರುತ್ತದೆಯೇ ಸರ್?’ ಎಂದು. ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿಯಿಲ್ಲದ ಕ್ಯಾಮೆರಾ ಇದ್ದರೆ ಉತ್ತರ ಹೆಚ್ಚುಕಡಿಮೆ ಯಾವಾಗಲೂ ಹೌದು. ಕೂರಿಸುವುದು ದೊಡ್ಡ ವಿಷಯವಲ್ಲ. ಕೂತ ಮೇಲೆ ಬರುವ ಚಿತ್ರದಲ್ಲಿ ಲೆನ್ಸಿನ ಹುಟ್ಟುಗುಣ ಎಷ್ಟು, ನಡುವೆ ತಗುಲಿದ ಕಾಯಿಲೆ ಎಷ್ಟು, ಲೆನ್ಸನ್ನು ಕ್ಯಾಮೆರಾಕ್ಕೆ ಜೋಡಿಸುವ ಅಡಾಪ್ಟರಿನ ಕಿತಾಪತಿ ಎಷ್ಟು ಎಂದು ಬಿಡಿಸಿ ನೋಡುವುದೇ ನಿಜವಾದ ಕೆಲಸ. ‘ವಿಂಟೇಜ್ ಲುಕ್’ ಎಂದು ಹೊಗಳಿಸಿಕೊಳ್ಳುವ ಎಷ್ಟೋ ಚಿತ್ರಗಳಲ್ಲಿ ನನಗೆ ಕಾಣುವುದು ಒಳಗಿನ ಗಾಜಿಗೆ ಹತ್ತಿದ ಜಿಡ್ಡು.

ಕೂರಿಸುವುದು ಸುಲಭವಾಗಲು ಒಂದು ಅಳತೆ ಕಾರಣ. ಲೆನ್ಸು ಬಂದು ಕೂರುವ ಲೋಹದ ರಿಂಗಿನಿಂದ ಫಿಲ್ಮ್ ಅಥವಾ ಸೆನ್ಸರ್‌ವರೆಗಿನ ದೂರ ಪ್ರತಿ ಮೌಂಟಿಗೂ, ಅಂದರೆ ಲೆನ್ಸನ್ನು ಕ್ಯಾಮೆರಾಕ್ಕೆ ಸಿಕ್ಕಿಸುವ ಪ್ರತಿಯೊಂದು ಬಗೆಯ ಜೋಡಣೆಗೂ, ನಿಗದಿಯಾಗಿರುತ್ತದೆ. ಲೆನ್ಸಿನ ನೋಟವನ್ನೇ ಕನ್ನಡಿಯಿಂದ ಕಣ್ಣಿಗೆ ತೋರಿಸುವ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಆ ಜಾಗದಲ್ಲಿ ಕನ್ನಡಿ ಏಳಬೇಕು, ಬೀಳಬೇಕು. ಹಾಗಾಗಿ ನಿಕಾನ್ ಎಫ್ ಮೌಂಟಿನಲ್ಲಿ ಅದು 46.5 ಮಿ.ಮೀ., ತಿರುಪಿನ ಎಂ42 ಮೌಂಟಿನಲ್ಲಿ 45.46, ಕ್ಯಾನನ್ ಎಫ್‌ಡಿಯಲ್ಲಿ 42. ಕನ್ನಡಿಯೇ ಇಲ್ಲದ ಕ್ಯಾನನ್ ಆರ್‌ಎಫ್‌ನಲ್ಲಿ 20, ಸೋನಿ ಇ ಮೌಂಟಿನಲ್ಲಿ 18, ನಿಕಾನ್ ಝಡ್‌ನಲ್ಲಿ 16. ಉಳಿಯುವ ಖಾಲಿ ಜಾಗವನ್ನು ತುಂಬುವ ಟೊಳ್ಳು ಲೋಹದ ಕೊಳವೆಯೇ ಅಡಾಪ್ಟರ್. ಅದರಲ್ಲಿ ಗಾಜೂ ಇಲ್ಲ, ವಿದ್ಯುತ್ತೂ ಇಲ್ಲ. ಡಿಎಸ್‌ಎಲ್‌ಆರ್ (ಡಿಜಿಟಲ್ ಎಸ್‌ಎಲ್‌ಆರ್) ಇಟ್ಟುಕೊಂಡವರಿಗೆ ಈ ಸವಲತ್ತು ಕಡಿಮೆ. ಕ್ಯಾನನ್ ಇಎಫ್ ಕ್ಯಾಮೆರಾಗಳ ಅಳತೆ 44 ಮಿ.ಮೀ. ಆದ್ದರಿಂದ ಎಂ42 ಲೆನ್ಸು ಒಂದು ತೆಳು ರಿಂಗಿನ ನೆರವಿನಿಂದ ಕೂರುತ್ತದೆ. ಆದರೆ ಅದೇ ಕಂಪನಿಯ ಹಳೆಯ ಎಫ್‌ಡಿ ಲೆನ್ಸಿನ ಅಳತೆ ಅದಕ್ಕಿಂತ ಕಡಿಮೆ, ಅದನ್ನು ಹಾಕಿದರೆ ದೂರದ ಬೆಟ್ಟ ಎಂದಿಗೂ ಫೋಕಸ್‌ಗೆ ಬರುವುದಿಲ್ಲ. ನಿಕಾನ್ ಡಿಎಸ್‌ಎಲ್‌ಆರ್‌ಗೆ ಎಂ42 ಹಾಕಿದರೂ ಇದೇ ಕಥೆ. ಇದಕ್ಕೆ ಪರಿಹಾರವೆಂದು ಗಾಜಿರುವ ಅಡಾಪ್ಟರುಗಳನ್ನು ಮಾರುತ್ತಾರೆ. ಅಗ್ಗದ ಆ ಗಾಜು ಒಳ್ಳೆಯ ಲೆನ್ಸನ್ನೂ ಕೆಡಿಸುತ್ತದೆ, ಅದಕ್ಕೆ ದುಡ್ಡು ಸುರಿಯಬೇಡಿ.

ಟೊಳ್ಳು ಕೊಳವೆ ತಾನೇ ಎಂದು ಅಸಡ್ಡೆ ಮಾಡುವಂತೆಯೂ ಇಲ್ಲ. ಎಂ42 ಲೆನ್ಸನ್ನು ಸೋನಿಗೆ ಕೂರಿಸುವ ಅಡಾಪ್ಟರಿನ ದಪ್ಪ 27.46 ಮಿ.ಮೀ. ಇರಬೇಕು. ಅದು 0.1 ಮಿ.ಮೀ. ಹೆಚ್ಚಾದರೂ ಸಾಕು, 50 ಮಿ.ಮೀ. ಲೆನ್ಸು ಸುಮಾರು 25 ಮೀಟರಿನಾಚೆಗೆ ಫೋಕಸ್ ಆಗುವುದಿಲ್ಲ. 28 ಮಿ.ಮೀ. ಲೆನ್ಸಿಗಾದರೆ ಆ ಗಡಿ 8 ಮೀಟರಿಗೇ ಬಂದುಬಿಡುತ್ತದೆ. ಈ ದೂರಿಗೆ ಹೆದರಿ ತಯಾರಕರು ಅಡಾಪ್ಟರನ್ನು ಬೇಕೆಂದೇ ತುಸು ಗಿಡ್ಡ ಮಾಡುತ್ತಾರೆ. ಆಗ ಅನಂತ ದೂರ, ಅಂದರೆ ಬೆಟ್ಟ, ನಕ್ಷತ್ರಗಳಂಥ ತೀರಾ ದೂರದ್ದೂ ಫೋಕಸ್‌ಗೆ ಸಿಗುತ್ತದೆ ನಿಜ, ಆದರೆ ಲೆನ್ಸಿನ ಮೈಮೇಲೆ ಕೆತ್ತಿದ ಮೀಟರ್ ಗುರುತುಗಳೆಲ್ಲ ಸುಳ್ಳಾಗುತ್ತವೆ. ಫೋಕಸ್ ರಿಂಗನ್ನು ಕೊನೆಯವರೆಗೆ ತಿರುಗಿಸಿದರೆ ಅದು ಅನಂತವನ್ನೂ ದಾಟಿ ಹೋಗಿ ಚಿತ್ರವಿಡೀ ಮಸುಕಾಗುತ್ತದೆ. ರಾತ್ರಿ ಆಕಾಶ ತೆಗೆಯಲು ಹೋದವರು ‘ಲೆನ್ಸು ಚೂಪಾಗಿಲ್ಲ’ ಎಂದು ಹಿಂದಕ್ಕೆ ತರುವುದು ಬಹುಪಾಲು ಇದೇ ಕಾರಣಕ್ಕೆ. ಅವರಿಗೆ ದುರಸ್ತಿ ಬೇಕಿಲ್ಲ. ರಿಂಗನ್ನು ಒಂದಿಷ್ಟು ಹಿಂದಕ್ಕೆ ತಿರುಗಿಸಿ, ನಕ್ಷತ್ರವೊಂದನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿದರೆ ಸಾಕು.

ಅಡಾಪ್ಟರಿನ ಎರಡು ಮುಖಗಳು ಸಮಾನಾಂತರವಾಗಿಲ್ಲದಿದ್ದರೆ ಚಿತ್ರದ ಒಂದು ಬದಿ ಚೂಪು, ಇನ್ನೊಂದು ಬದಿ ಮಸುಕು. ಇದನ್ನು ಮನೆಯಲ್ಲೇ ಕಂಡುಹಿಡಿಯಬಹುದು. ಗಿಲಾವು ಮಾಡದ ಇಟ್ಟಿಗೆ ಗೋಡೆಯ ಮುಂದೆ ನೇರವಾಗಿ ನಿಂತು ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಪೂರ್ತಿ ತೆರೆದು ಒಂದು ಚಿತ್ರ ತೆಗೆಯಿರಿ. ನಿಂತಲ್ಲೇ ನಿಂತು, ಕ್ಯಾಮೆರಾವನ್ನು ತಲೆಕೆಳಗು ಮಾಡಿ ಇನ್ನೊಂದು. ಮಸುಕು ಗೋಡೆಯ ಅದೇ ಭಾಗದಲ್ಲಿ ಉಳಿದರೆ ನೀವು ಓರೆಯಾಗಿ ನಿಂತಿದ್ದೀರಿ. ಕ್ಯಾಮೆರಾದೊಂದಿಗೆ ಅದೂ ಬದಿ ಬದಲಿಸಿದರೆ ದೋಷ ಲೆನ್ಸಿನದು ಅಥವಾ ಅಡಾಪ್ಟರಿನದು. ಇನ್ನೊಂದು ಲೆನ್ಸು ಹಾಕಿ ನೋಡಿದರೆ ಆ ಅನುಮಾನವೂ ತೀರುತ್ತದೆ.

ಅಡಾಪ್ಟರ್ ತರಿಸುವ ಮುನ್ನ ಲೆನ್ಸಿನ ಮುಂದಿನ ಹೆಸರನ್ನಲ್ಲ, ಹಿಂದಿನ ಮೌಂಟನ್ನು ನೋಡಬೇಕು. ವಿವಿಟಾರ್, ಟೋಕಿನಾ, ಟಮ್ರಾನ್ ಲೆನ್ಸುಗಳು ಹತ್ತಾರು ಬಗೆಯ ಮೌಂಟುಗಳಲ್ಲಿ ಬಂದಿವೆ. ಪೆಂಟ್ಯಾಕ್ಸ್ ಕಂಪನಿ 1975ರಲ್ಲಿ ತಿರುಪನ್ನು ಬಿಟ್ಟು ಕೆ ಮೌಂಟಿಗೆ ಬಂತು. ಆ ಕಂಪನಿಯ ಕೆ1000 ಕ್ಯಾಮೆರಾದ ಜೊತೆ ಬಂದ ಲೆನ್ಸಿಗೆ ಎಂ42 ಅಡಾಪ್ಟರ್ ತರಿಸಿಕೊಂಡು ಪೇಚಾಡುವವರು ಈಗಲೂ ಇದ್ದಾರೆ. ಸೋವಿಯತ್ ಲೆನ್ಸುಗಳಲ್ಲಿ ಇನ್ನೂ ದೊಡ್ಡ ಬಲೆಯಿದೆ. ಆರಂಭದ ಜೆನಿಟ್ ಲೆನ್ಸುಗಳಿಗೂ ಲೈಕಾ ಮಾದರಿಯ ರೇಂಜ್‌ಫೈಂಡರ್ (ಕನ್ನಡಿಯಿಲ್ಲದೆ, ಬೇರೆ ಕಿಂಡಿಯಿಂದ ನೋಡಿ ಫೋಕಸ್ ಮಾಡುವ) ಕ್ಯಾಮೆರಾಗಳ ಲೆನ್ಸುಗಳಿಗೂ 39 ಮಿ.ಮೀ. ತಿರುಪು. ಎರಡೂ ಒಂದರಲ್ಲೊಂದು ಸಲೀಸಾಗಿ ಕೂರುತ್ತವೆ, ಆದರೆ ಸೆನ್ಸರ್‌ವರೆಗಿನ ಅಳತೆಯಲ್ಲಿ 16 ಮಿ.ಮೀ.ಗೂ ಹೆಚ್ಚು ವ್ಯತ್ಯಾಸವಿದೆ. ನಿಕಾನ್ ಡಿಎಸ್‌ಎಲ್‌ಆರ್ ಇರುವವರಿಗೆ ಒಂದು ಎಚ್ಚರಿಕೆ: ಅಪರ್ಚರ್ ಎಷ್ಟೆಂದು ಲೆನ್ಸೇ ಕ್ಯಾಮೆರಾಕ್ಕೆ ತಿಳಿಸುವ ಎಐ (ಆಟೊಮ್ಯಾಟಿಕ್ ಇಂಡೆಕ್ಸಿಂಗ್) ಪದ್ಧತಿ 1977ರಲ್ಲಿ ಬರುವ ಮೊದಲಿನ ಲೆನ್ಸುಗಳನ್ನು ಬಲವಂತವಾಗಿ ಹಾಕಿದರೆ ಕೆಲವು ಕ್ಯಾಮೆರಾಗಳ ಮೌಂಟಿನ ಅಂಚಿನಲ್ಲಿರುವ ಸಣ್ಣ ಮೊಳೆ ಮುರಿಯುತ್ತದೆ.

ಈಗ ಗಾಜಿಗೆ ಬರೋಣ. ಕೊಳ್ಳುವ ಮೊದಲು ಅಪರ್ಚರನ್ನು ಪೂರ್ತಿ ತೆರೆದು, ಮೊಬೈಲಿನ ಟಾರ್ಚನ್ನು ಹಿಂದಿನಿಂದ ಓರೆಯಾಗಿ ಹಿಡಿದು, ಮುಂದಿನಿಂದ ನೋಡಿ. ಧೂಳಿನ ಕಣಗಳು ಕಂಡರೆ ಬಿಟ್ಟುಬಿಡಿ, ಅವು ಚಿತ್ರಕ್ಕೆ ಏನೂ ಮಾಡುವುದಿಲ್ಲ. ಗಾಜಿನೊಳಗೇ ಸಿಕ್ಕಿಕೊಂಡ ಗುಳ್ಳೆಗಳೂ ನಿರುಪದ್ರವಿ. ಮುಂದಿನ ಗಾಜಿನ ಮೇಲಿನ ಒಂದು ಗೀರಿಗೆ ಹೆದರಬೇಕಿಲ್ಲ, ಹಿಂದಿನ ಗಾಜಿನ ಮೇಲಿನದಕ್ಕೆ ಹೆದರಬೇಕು. ಅಂಚಿನಿಂದ ಒಳಕ್ಕೆ ಜೇಡನ ಬಲೆಯಂತೆ ಕವಲೊಡೆದ ಎಳೆಗಳು ಬೂಷ್ಟು. ಅದನ್ನು ಒರೆಸಿ ತೆಗೆಯಬಹುದು, ಆದರೆ ಬಹುಕಾಲ ಬೆಳೆದಿದ್ದರೆ ಅದು ಬಿಡುವ ಆಮ್ಲ ಗಾಜಿನ ಮೇಲಿನ ಕೋಟಿಂಗನ್ನು ತಿಂದಿರುತ್ತದೆ. ಒರೆಸಿದ ಮೇಲೂ ಎಳೆಗಳ ಅಚ್ಚು ಉಳಿಯುತ್ತದೆ. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ತೇಪೆ ಹೊಳೆದರೆ ಎರಡು ಗಾಜುಗಳನ್ನು ಅಂಟಿಸಿದ ಬಾಲ್ಸಮ್ ಬಿಡುತ್ತಿದೆ ಎಂದರ್ಥ. ಅಪರ್ಚರ್ ಎಲೆಗಳ ಮೇಲೆ ಎಣ್ಣೆಯ ಹೊಳಪಿದ್ದರೆ ಅವು ಅಂಟಿಕೊಂಡು ನಿಧಾನವಾಗಿ ಮುಚ್ಚುತ್ತವೆ. ಚಿತ್ರ ತೆಗೆಯುವ ಕ್ಷಣದಲ್ಲೇ ಅಪರ್ಚರ್ ಮುಚ್ಚುವ ಎಸ್‌ಎಲ್‌ಆರ್‌ನಲ್ಲಿ ಇದು ದೊಡ್ಡ ತೊಂದರೆ. ಅಡಾಪ್ಟರಿನಲ್ಲಿ ಅಪರ್ಚರನ್ನು ಮೊದಲೇ ಕೈಯಿಂದ ಮುಚ್ಚಿಟ್ಟುಕೊಳ್ಳುವುದರಿಂದ ಎಲೆಗಳು ನಿಧಾನವಾದರೂ ಕೆಲಸ ನಡೆಯುತ್ತದೆ. ಆದರೆ ಅದೇ ಎಣ್ಣೆ ಆವಿಯಾಗಿ ಪಕ್ಕದ ಗಾಜುಗಳ ಮೇಲೆ ಕೂತು ಹಾಲಿನ ಬಣ್ಣದ ಮಂಕು ಕವಿಸುತ್ತದೆ.

ಗುಣ, ಕಾಯಿಲೆಗಳ ಗೊಂದಲ ಹುಟ್ಟುವುದು ಈ ಮಂಕಿನಲ್ಲಿ. ಮದುವೆಗೆ ಮುಂಚಿನ ಚಿತ್ರೀಕರಣ ಮಾಡುವ ಹುಡುಗನೊಬ್ಬ 50 ಮಿ.ಮೀ. ಲೆನ್ಸೊಂದನ್ನು ಫೋಕಸ್ ರಿಂಗ್ ಬಿಗಿಯಾಗಿದೆಯೆಂದು ತಂದಿದ್ದ. ‘ಗ್ರೀಸ್ ಮಾತ್ರ ಬದಲಾಯಿಸಿ ಸರ್, ಗಾಜು ಮುಟ್ಟಬೇಡಿ. ಮುಖದ ಸುತ್ತ ಒಂದು ಕಾಂತಿ ಬರುತ್ತದೆ, ಅದು ಹೋಗಬಾರದು’ ಎಂದ. ‘ಹಾಗಾದರೆ ಅಪರ್ಚರ್ ಎಫ್/8ಕ್ಕೆ ಇಟ್ಟು ನನ್ನದೇ ಒಂದು ಚಿತ್ರ ತೆಗೆಯಿರಿ’ ಎಂದೆ. ಕಿಟಕಿಗೆ ಬೆನ್ನು ಮಾಡಿ ಕೂತೆ. ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಚಿಕ್ಕದು, ಆದರೆ ಎಫ್/8ರಲ್ಲೂ ಕಾಂತಿ ಹಾಗೇ ಇತ್ತು, ಕಪ್ಪು ಅಂಗಿ ಬೂದು ಬಣ್ಣಕ್ಕೆ ತಿರುಗಿತ್ತು. ಲೆನ್ಸಿನ ಹುಟ್ಟುಗುಣದ ಕಾಂತಿಗೆ ಕಾರಣ ಗೋಳೀಯ ವಿಪಥನ, ಅಂದರೆ ಗಾಜಿನ ಅಂಚಿನಿಂದ ಬರುವ ಕಿರಣಗಳು ನಡುವಿನ ಕಿರಣಗಳ ಜೊತೆ ಒಂದೇ ಕಡೆ ಕೂಡದಿರುವುದು. ಎಫ್/4ಕ್ಕೆ ಮುಚ್ಚಿದರೆ ಅಂಚಿನ ಕಿರಣಗಳು ನಿಂತು ಆ ಕಾಂತಿ ಹೆಚ್ಚುಕಡಿಮೆ ಪೂರ್ತಿ ಮಾಯವಾಗುತ್ತದೆ. ಮಂಕು ಹಾಗಲ್ಲ, ಎಷ್ಟು ಮುಚ್ಚಿದರೂ ಹೋಗುವುದಿಲ್ಲ. ಹಿಂದಿನ ಗುಂಪನ್ನು ಬಿಚ್ಚಿ ಅಪರ್ಚರಿನ ಪಕ್ಕದ ಗಾಜನ್ನು ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒಮ್ಮೆ ಒರೆಸಿ, ಕಂದು ಬಣ್ಣಕ್ಕೆ ತಿರುಗಿದ ಹತ್ತಿಯನ್ನು ಅವನ ಕೈಗೆ ಕೊಟ್ಟೆ. ಒರೆಸಿದ ಮೇಲೆ ಪೂರ್ತಿ ತೆರೆದ ಅಪರ್ಚರಿನಲ್ಲಿ ಇನ್ನೂ ತುಸು ಕಾಂತಿ ಇತ್ತು, ಕೂದಲೂ ಎಣಿಸುವಷ್ಟು ಸ್ಪಷ್ಟವಿತ್ತು. ಅವನಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ. ಇರಲಿ, ಮಂಕೇ ಬೇಕಿದ್ದರೆ ಫಿಲ್ಟರಿಗೆ ವ್ಯಾಸಲೀನ್ ಸವರಿದರಾಯಿತು, ಅದನ್ನು ಬೇಕಾದಾಗ ಒರೆಸಬಹುದು.

ನಿಜವಾದ ಗುಣಕ್ಕೆ ಹೀಲಿಯೋಸ್ 44-2 ಒಳ್ಳೆಯ ಉದಾಹರಣೆ. ಜೀಸ್ ಯೇನಾದ ಬಯೋಟಾರ್ ವಿನ್ಯಾಸವನ್ನು ಆಧರಿಸಿ ಸೋವಿಯತ್ ಒಕ್ಕೂಟದಲ್ಲಿ ಜೆನಿಟ್ ಕ್ಯಾಮೆರಾಗಳಿಗಾಗಿ ತಯಾರಾದ 58 ಮಿ.ಮೀ. ಎಫ್/2 ಲೆನ್ಸು ಇದು. ಹಿನ್ನೆಲೆಯ ಎಲೆಗಳೆಲ್ಲ ಸುಳಿಯಾಗಿ ತಿರುಗಿದಂತೆ ಕಾಣುವುದಕ್ಕೆ ಹೆಸರಾಗಿದೆ. ಆ ಸುಳಿ ತಾನಾಗಿ ಬರುವುದಿಲ್ಲ. ವ್ಯಕ್ತಿ ಒಂದೂವರೆ, ಎರಡು ಮೀಟರಿನಲ್ಲಿರಬೇಕು; ಹಿಂದೆ ಕೆಲವು ಮೀಟರ್ ದೂರದಲ್ಲಿ ಬಿಸಿಲು ತೂರುವ ಗಿಡಮರ ಇರಬೇಕು; ಅಪರ್ಚರ್ ಪೂರ್ತಿ ತೆರೆದಿರಬೇಕು. ಬಿಳಿ ಗೋಡೆಯ ಮುಂದೆ ಯಾವ ಸುಳಿಯೂ ಇಲ್ಲ. ಇನ್ನೊಂದು ಮಾತನ್ನು ಮಾರುವವರು ಹೇಳುವುದಿಲ್ಲ: ಸುಳಿ ಇರುವುದು ಚಿತ್ರದ ಅಂಚುಗಳಲ್ಲಿ, ಚಿಕ್ಕ ಅಳತೆಯ ಎಪಿಎಸ್-ಸಿ ಸೆನ್ಸರ್ ಕತ್ತರಿಸಿ ಎಸೆಯುವುದೂ ಅಂಚುಗಳನ್ನೇ. ಅಂಥ ಕ್ಯಾಮೆರಾದಲ್ಲಿ ಅದು 87 ಮಿ.ಮೀ. ನೋಟ ಕೊಡುವ ಸಾಧಾರಣ ಪೋರ್ಟ್ರೇಟ್ ಲೆನ್ಸು, ಅಷ್ಟೆ. ಸುಳಿಗಾಗಿ ಕೊಳ್ಳುವುದಾದರೆ ಹಳೆಯ ಫಿಲ್ಮಿನಷ್ಟೇ ದೊಡ್ಡ ಸೆನ್ಸರಿರುವ ಫುಲ್‌ಫ್ರೇಮ್ ಕ್ಯಾಮೆರಾಕ್ಕೆ ಕೊಳ್ಳಿ.

ಗುಣದ ಹೊಟ್ಟೆಯಲ್ಲೇ ಹುಟ್ಟಿದ ಕಾಯಿಲೆಯೂ ಉಂಟು. ಏಳು ಗಾಜುಗಳ ಸೂಪರ್ ಟಾಕುಮಾರ್ 50 ಮಿ.ಮೀ. ಎಫ್/1.4ರಲ್ಲಿ ಥೋರಿಯಂ ಬೆರೆಸಿದ ಗಾಜಿದೆ. ಬೆಳಕನ್ನು ಹೆಚ್ಚು ಬಾಗಿಸಿಯೂ ಬಣ್ಣಗಳನ್ನು ಚೆದುರಿಸದ ಗಾಜು ಬೇಕೆಂದು ಆಗ ಥೋರಿಯಂ ಸೇರಿಸುತ್ತಿದ್ದರು. ಅದರ ವಿಕಿರಣದಿಂದಲೇ ಗಾಜು ದಶಕಗಳಲ್ಲಿ ಚಹದ ಬಣ್ಣಕ್ಕೆ ತಿರುಗುತ್ತದೆ. ಕ್ಯಾಮೆರಾದಲ್ಲಿ ಹಾಕಿಕೊಂಡು ಚಿತ್ರ ತೆಗೆಯುವುದರಿಂದ ಅಪಾಯವಿಲ್ಲ. ಆ ಗಾಜನ್ನು ಉಜ್ಜುವುದು, ಒಡೆಯುವುದು ಬೇಡ. ನೇರಳಾತೀತ ಬೆಳಕು ತಗುಲಿದರೆ ಬಣ್ಣ ಇಳಿಯುತ್ತದೆ. ಹಿಂದಿನ ಮುಚ್ಚಳದೊಳಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಇಟ್ಟು, ಎಳೆಬಿಸಿಲಿನಲ್ಲಿ ಹಲವು ದಿನ ಇಡಿ. ಮುಚ್ಚಳವಿಲ್ಲದೆ ಕಿಟಕಿಯಲ್ಲಿಟ್ಟು ಮರೆತರೆ ಲೆನ್ಸು ಬಿಸಿಲನ್ನು ಒಂದೆಡೆ ಕೂಡಿಸಿ ಮೇಜನ್ನೇ ಸುಡುತ್ತದೆ.

ಫೋಕಸ್ ವಿಚಾರ. ಅಂಚುಗಳಿಗೆ ಕೆಂಪು ಬಣ್ಣ ಬಳಿದು ತೋರಿಸುವ ಫೋಕಸ್ ಪೀಕಿಂಗ್ ಸೌಲಭ್ಯವನ್ನು ಜನ ಅತಿಯಾಗಿ ನಂಬುತ್ತಾರೆ. ಅದು ಅಳೆಯುವುದು ಕಾಂಟ್ರಾಸ್ಟನ್ನು, ಅಂದರೆ ಬೆಳಕು-ಕತ್ತಲಿನ ಅಂತರವನ್ನು. ಪೂರ್ತಿ ತೆರೆದ ಹಳೆಯ ಲೆನ್ಸಿನಲ್ಲಿ ಕಾಂಟ್ರಾಸ್ಟ್ ಕಡಿಮೆ, ಹಾಗಾಗಿ ಅದು ಕಣ್ಣನ್ನು ಬಿಟ್ಟು ಸೀರೆಯ ಅಂಚಿಗೆ ಬಣ್ಣ ಹಚ್ಚುತ್ತದೆ. 50 ಮಿ.ಮೀ. ಲೆನ್ಸನ್ನು ಎಫ್/1.4ಕ್ಕೆ ತೆರೆದು ಒಂದು ಮೀಟರ್ ದೂರದಿಂದ ಮುಖ ತೆಗೆದರೆ ಸ್ಪಷ್ಟವಾಗಿರುವ ಆಳ ಮೂರು ಸೆಂ.ಮೀ.ನ ಆಸುಪಾಸು. ಅಲ್ಲಿ ಕೆಲಸಕ್ಕೆ ಬರುವುದು ಹಿಗ್ಗಿಸಿ ನೋಡುವ ಸೌಲಭ್ಯ. ಅದನ್ನು ಹೆಬ್ಬೆರಳಿಗೆ ಸಿಗುವ ಗುಂಡಿಗೆ ಜೋಡಿಸಿಕೊಳ್ಳಿ. ಸಾಮಾನ್ಯವಾಗಿ ಅಪರ್ಚರ್ ಪೂರ್ತಿ ತೆರೆದು ಫೋಕಸ್ ಮಾಡಿ ಆಮೇಲೆ ಮುಚ್ಚುವುದು ಸರಿ. ಆದರೆ ಕೆಲವು ವೇಗದ (ದೊಡ್ಡ ಕಿಂಡಿಯ) ಲೆನ್ಸುಗಳಲ್ಲಿ ಮುಚ್ಚುವಾಗ ಫೋಕಸ್ ತುಸು ಸರಿಯುತ್ತದೆ, ಎಫ್/2.8ರ ಚಿತ್ರ ಸದಾ ಹಿಂದಕ್ಕೆ ಬೀಳುತ್ತಿದ್ದರೆ ಎಫ್/2.8ರಲ್ಲೇ ಫೋಕಸ್ ಮಾಡಿ.

ಕ್ಯಾಮೆರಾದೊಳಗೆ ಎರಡು ಆಯ್ಕೆಗಳನ್ನು ಸರಿ ಮಾಡದೆ ಹಳೆಯ ಲೆನ್ಸಿನಿಂದ ಕೆಲಸ ನಡೆಯದು. ಒಂದು, ಲೆನ್ಸಿಲ್ಲದಿದ್ದರೂ ಶಟರ್ ಬೀಳಲು ಅನುಮತಿ. ಏಕೆಂದರೆ ಕ್ಯಾಮೆರಾದ ಲೆಕ್ಕದಲ್ಲಿ ಅಲ್ಲಿ ಲೆನ್ಸೇ ಇಲ್ಲ. ಎರಡು, ಸೆನ್ಸರ್ ಅಲುಗಾಡಿಸಿ ನಡುಕ ತಡೆಯುವ ವ್ಯವಸ್ಥೆ ಇದ್ದರೆ ಅದಕ್ಕೆ ಫೋಕಲ್ ಲೆಂತ್ ಹೇಳುವುದು. ಲೆನ್ಸಿನ ಮೇಲೆ ಬರೆದ ಸಂಖ್ಯೆಯನ್ನೇ ಕೊಡಿ, ಎಪಿಎಸ್-ಸಿ ಎಂದು ಒಂದೂವರೆಯಿಂದ ಗುಣಿಸಬೇಡಿ. ನಿನ್ನೆ 135 ಎಂದು ಕೊಟ್ಟಿದ್ದನ್ನು ಮರೆತು ಇಂದು 28 ಮಿ.ಮೀ. ಹಾಕಿದರೆ ಕ್ಯಾಮೆರಾ ಬೇಕಾದ್ದಕ್ಕಿಂತ ಹೆಚ್ಚು ಅಲುಗಾಡಿಸಿ ತಾನೇ ಚಿತ್ರ ಕೆಡಿಸುತ್ತದೆ. ಬೆಳಕಿನ ಲೆಕ್ಕವನ್ನು ಅಪರ್ಚರ್ ಪ್ರಯಾರಿಟಿ ಎಂಬ ಆಯ್ಕೆಗೆ ಬಿಟ್ಟರೆ ಕ್ಯಾಮೆರಾವೇ ಶಟರ್ ವೇಗ ಹೊಂದಿಸಿಕೊಳ್ಳುತ್ತದೆ.

ಯಾವುದನ್ನು ಕೊಳ್ಳಬೇಕು ಎಂದು ಕೇಳಿದರೆ ನನ್ನ ಉತ್ತರ 35ರಿಂದ 135 ಮಿ.ಮೀ. ನಡುವಿನ ಎಸ್‌ಎಲ್‌ಆರ್ ಲೆನ್ಸುಗಳು. ರೇಂಜ್‌ಫೈಂಡರ್ ಕ್ಯಾಮೆರಾಗಳ ವೈಡ್ ಲೆನ್ಸುಗಳ ಹಿಂದಿನ ಗಾಜು ಫಿಲ್ಮಿಗೆ ತೀರಾ ಹತ್ತಿರವಿರುತ್ತದೆ. ಅಂಚಿಗೆ ಓರೆಯಾಗಿ ಬರುವ ಆ ಕಿರಣಗಳನ್ನು ಸೆನ್ಸರ್ ಮೇಲಿನ ದಪ್ಪ ಗಾಜು ಹಾದಿ ತಪ್ಪಿಸುತ್ತದೆ. ಮೂಲೆಗಳು ಕಲಸಿಹೋಗುತ್ತವೆ, ಕೆಲವೊಮ್ಮೆ ಬಣ್ಣವೂ ತಿರುಗುತ್ತದೆ. 1970ರ ದಶಕದ ಅಗ್ಗದ ಜೂಮ್‌ಗಳನ್ನು ಪುಕ್ಕಟೆ ಕೊಟ್ಟರೂ ನಾನು ಒಲ್ಲೆ.

ಇಡುವ ಜಾಗದ ಬಗ್ಗೆ ಮಲೆನಾಡಿನವರಿಗೂ ಕರಾವಳಿಯವರಿಗೂ ಹೆಚ್ಚು ಹೇಳಬೇಕಿಲ್ಲ, ಜೂನ್ ಬಂದರೆ ಅವರ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಲೆನ್ಸಿನ ಜೊತೆ ಬಂದ ಚರ್ಮದ ಚೀಲ ಎಷ್ಟೇ ಚೆಂದವಿದ್ದರೂ ತೇವ ಹೀರಿಟ್ಟುಕೊಳ್ಳುತ್ತದೆ. ಅದನ್ನು ಬೇರೆ ಇಡಿ. ಶೇಕಡಾ 40ರಿಂದ 50ರ ಆರ್ದ್ರತೆಯ ಡ್ರೈ ಕ್ಯಾಬಿನೆಟ್ ಒಳ್ಳೆಯದು. ಅದಿಲ್ಲದಿದ್ದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಒಂದು ಚಿಕ್ಕ ಆರ್ದ್ರತಾಮಾಪಕ. ಅಕ್ಕಿ ಹಾಕಬೇಡಿ, ಅದರ ಪುಡಿ ಫೋಕಸ್ ರಿಂಗಿನ ಸಂದಿಗೆ ಇಳಿಯುತ್ತದೆ. ಇಷ್ಟಾಗಿಯೂ ಬೂಷ್ಟು ಕಂಡರೆ ಬೇಗ ತನ್ನಿ, ಎಳೆಯದಾಗಿದ್ದಾಗ ಒರೆಸಿದರೆ ಗಾಜು ಉಳಿಯುತ್ತದೆ. ಬಾಲ್ಸಮ್ ಬಿಟ್ಟ ಲೆನ್ಸನ್ನು ಮಾತ್ರ ನಾನು ಹಾಗೇ ಹಿಂದಕ್ಕೆ ಕೊಡುತ್ತೇನೆ. ಗಾಜುಗಳನ್ನು ಬಿಡಿಸಿ ಮತ್ತೆ ಅಂಟಿಸುವ ಕೂಲಿಗೆ ಅಂಥದೇ ಒಳ್ಳೆಯ ಲೆನ್ಸು ಇನ್ನೊಂದು ಬರುತ್ತದೆ.