ಲ್ಯಾಪ್ ಸ್ಟೀಲ್ ಮೇಲೆ ಸ್ಕ್ರೂಡ್ರೈವರ್ ಎಳೆದರೆ ಏನಾಗುತ್ತೆ?

ಪ್ರಶ್ನೆ: ತೊಡೆ ಮೇಲೆ ಮಲಗಿಸಿ ನುಡಿಸುವ ಲ್ಯಾಪ್ ಸ್ಟೀಲ್ ಗಿಟಾರ್ ಕಲಿಯುತ್ತಿದ್ದೇನೆ. ತಂತಿ ಮೇಲೆ ಉಕ್ಕಿನ ಬಾರ್ ಇಟ್ಟು ಶ್ರುತಿ ತಪ್ಪದ ಹಾಗೆ ಎಳೆಯೋದು ಒಂದು ಮಟ್ಟಿಗೆ ಬಂದಿದೆ. ಈಗ ಸ್ಕ್ರೂಡ್ರೈವರ್, ಗಾಜಿನ ಬಾಟಲಿ, ಚಮಚ ಅಂತ ಏನೇನೋ ಇಟ್ಟು ನುಡಿಸಿ ನೋಡುವ ಆಸೆ. ಗಿಟಾರ್ ಹಾಳಾಗುತ್ತಾ? ಯಾವುದರಿಂದ ಶುರು ಮಾಡಲಿ?

ಉತ್ತರ: ಧಾರಾಳವಾಗಿ ಮಾಡಿ. ಈ ವಾದ್ಯ ಹುಟ್ಟಿದ್ದೇ ಹಾಗೆ. 1889ರ ಸುಮಾರಿಗೆ ಹವಾಯಿಯಲ್ಲಿ ಜೋಸೆಫ್ ಕೆಕುಕು ಅನ್ನೋ ಶಾಲಾ ಹುಡುಗ ರೈಲು ಹಳಿ ಪಕ್ಕ ಸಿಕ್ಕ ಬೋಲ್ಟನ್ನು ತಂತಿಗೆ ತಾಗಿಸಿದ, ಆಮೇಲೆ ಬಾಚಣಿಗೆ, ಚಾಕುವಿನ ಬೆನ್ನು ಎಲ್ಲ ನೋಡಿ ಕೊನೆಗೆ ಉಕ್ಕಿನ ಬಾರ್‌ಗೆ ಬಂದು ನಿಂತ ಅನ್ನೋದು ಎಲ್ಲರೂ ಹೇಳುವ ಕತೆ. ಅಂದರೆ ನೀವು ಹೊಸದೇನೂ ಕೆಡಿಸುತ್ತಿಲ್ಲ.

ಆದರೆ ಒಂದು ಮಾತು. ವಸ್ತು ಬದಲಾಯಿಸಿದ್ದಕ್ಕಿಂತ, ಅದನ್ನು ಎಲ್ಲಿ ಮತ್ತು ಹೇಗೆ ಮುಟ್ಟಿಸುತ್ತೀರಿ ಅನ್ನೋದನ್ನ ಬದಲಾಯಿಸಿದರೆ ಜಾಸ್ತಿ ಸಿಗುತ್ತೆ. ಚಮಚ ಇಟ್ಟವರಲ್ಲಿ ಹೆಚ್ಚಿನವರು ಐದು ನಿಮಿಷದಲ್ಲಿ ಬೇಸರ ಬಂದು ಎತ್ತಿಡುತ್ತಾರೆ. ಕಾರಣ ತೂಕ. ಲ್ಯಾಪ್ ಸ್ಟೀಲ್‌ಗೆ ಬಳಸುವ, ಮೂತಿ ದುಂಡಗಿರೋ ಬುಲೆಟ್ ಬಾರ್ ಸುಮಾರು 200 ಗ್ರಾಂ ಇರುತ್ತೆ. ಆ ತೂಕ ತಂತಿಯ ಒಂದು ತುದಿಯನ್ನು ಅಲುಗಾಡದ ಹಾಗೆ ಹಿಡಿದುಕೊಳ್ಳೋದರಿಂದಲೇ ನಾದ ಉದ್ದಕ್ಕೆ ನಿಲ್ಲೋದು. ಹಗುರ ವಸ್ತು ತಂತಿಯ ಜೊತೆ ತಾನೂ ನಡುಗಿ ಶಬ್ದವನ್ನು ತಿಂದುಬಿಡುತ್ತೆ. ಗಾಜು ಪರವಾಗಿಲ್ಲ, ಅಂಚು ಮೃದು, ನಾದ ಸ್ವಲ್ಪ ಬೇಗ ಸಾಯುತ್ತೆ ಅಷ್ಟೇ. ಮರದಿಂದ ಆಗೋದೇ ಇಲ್ಲ ಅಂದುಕೊಳ್ಳಬೇಡಿ, ಮೆಟ್ಟಿಲಿಲ್ಲದ ವೀಣೆಯಂಥ ಗೋಟುವಾದ್ಯದಲ್ಲಿ ಗಟ್ಟಿ ಮರದ ತುಂಡಿನಲ್ಲೇ ಗಮಕ ಎಲ್ಲ ನುಡಿಸಿದ್ದಾರಲ್ವಾ.

ಹಾಗಾದರೆ ಎಲ್ಲಿಂದ ಶುರು? ನನ್ನ ಕೇಳಿದರೆ, ಬಾರ್‌ನ ಹಿಂದುಗಡೆಯಿಂದ.

ನಾವು ಯಾವಾಗಲೂ ಬಾರ್ ಮತ್ತು ಬ್ರಿಡ್ಜ್ (ಮೀಟುವ ಕೈ ಕಡೆ ತಂತಿ ಕೂರುವ ಪಟ್ಟಿ) ನಡುವಿನ ತಂತಿಯನ್ನೇ ಮೀಟುತ್ತೇವೆ. ಬಾರ್ ಮತ್ತು ನಟ್ (ಶ್ರುತಿ ಬಿರಡೆ ಕಡೆಯ ಪಟ್ಟಿ) ನಡುವೆಯೂ ಒಂದಷ್ಟು ತಂತಿ ಇದೆ, ಅದನ್ನು ಎಡಗೈಯ ಉಳಿದ ಬೆರಳುಗಳಿಂದ ಅದುಮಿ ಸುಮ್ಮನಾಗಿಸೋದನ್ನೇ ಮೊದಲ ಪಾಠದಲ್ಲಿ ಕಲಿಸೋದು. ಆ ಬೆರಳುಗಳನ್ನು ಈಗ ಬೇಕಂತಲೇ ಎತ್ತಿ. ಬಾರನ್ನು ಸ್ವರಸ್ಥಾನ ತೋರಿಸುವ 12ನೇ ಫ್ರೆಟ್ ಗೆರೆ ಮೇಲೆ ಇಡಿ. ಒಂದೇ ತಂತಿಯನ್ನು ಮೊದಲು ಬಾರ್ ಮುಂದೆ, ಅಂದರೆ ಬ್ರಿಡ್ಜ್ ಕಡೆ ಮೀಟಿ, ಆಮೇಲೆ ಹಿಂದೆ, ನಟ್ ಕಡೆ ಮೀಟಿ. ಎರಡೂ ಕಡೆ ಒಂದೇ ಸ್ವರ, ಯಾಕಂದರೆ ತಂತಿ ಸರಿಯಾಗಿ ಅರ್ಧಕ್ಕೆ ಭಾಗವಾಗಿದೆ. ಬಿಟ್ಟ ತಂತಿ (ಬಾರ್ ಇಡದೆ ಮೀಟಿದ್ದು) ಮಧ್ಯಸ್ಥಾಯಿಯ ಸ ಅಂದುಕೊಂಡರೆ ಎರಡು ಕಡೆಯೂ ತಾರ ಸ. ಈಗ ಬಾರನ್ನು 7ಕ್ಕೆ ತನ್ನಿ. ಮುಂದೆ ಪ ಕೇಳುತ್ತೆ, ಹಿಂದೆ ಉಳಿದಿರೋದು ತಂತಿಯ ಮೂರನೇ ಒಂದು ಭಾಗ ಮಾತ್ರ, ಅದು ತಾರಸ್ಥಾಯಿಯ ಪ. 5ಕ್ಕೆ ತಂದರೆ ಮುಂದೆ ಮ, ಹಿಂದೆ ಅದಕ್ಕೂ ಮೇಲಿನ ಸ. ಗಮನಿಸಿದಿರಾ? ಮುಂದಿನ ಸ್ವರ ಇಳಿಯುತ್ತಾ ಹೋದ ಹಾಗೆ ಹಿಂದಿನದು ಏರುತ್ತೆ. ಇದೇ ಇದರ ಮಜಾ. ಎರಡೂ ಕಡೆ ಒಟ್ಟಿಗೆ ಮೀಟಿ 5ರಿಂದ 12ರ ತನಕ ಮೆಲ್ಲಗೆ ಎಳೆದರೆ ಒಂದು ಸ್ವರ ಹತ್ತುತ್ತಾ, ಇನ್ನೊಂದು ಇಳಿಯುತ್ತಾ ಬಂದು 12ರಲ್ಲಿ ಒಂದನ್ನೊಂದು ಸೇರುತ್ತವೆ, ಇನ್ನೂ ಮುಂದಕ್ಕೆ ಎಳೆದರೆ ದಾಟಿ ಹೋಗುತ್ತವೆ. ಬೇರೆ ಯಾವ ಉಪಾಯದಿಂದಲೂ ಒಂದೇ ತಂತಿಯಲ್ಲಿ ಇಷ್ಟು ಸುಲಭವಾಗಿ ಇದು ಬರೋದಿಲ್ಲ.

ಎಲೆಕ್ಟ್ರಿಕ್ ಲ್ಯಾಪ್ ಸ್ಟೀಲ್ ಆದರೆ ಒಂದು ತೊಡಕಿದೆ. ತಂತಿಯ ಕಂಪನವನ್ನು ಹಿಡಿದು ಆಂಪ್‌ಗೆ ಕಳಿಸುವ ಪಿಕಪ್ ಇರೋದು ಬ್ರಿಡ್ಜ್ ಕಡೆ, ಹಿಂದಿನ ಶಬ್ದ ಅದಕ್ಕೆ ಸರಿಯಾಗಿ ಕೇಳಿಸಲ್ಲ. ನಟ್ ಹತ್ತಿರ ಮರದ ಕಂಪನವನ್ನೇ ಹಿಡಿಯುವ ಒಂದು ಕಾಂಟ್ಯಾಕ್ಟ್ ಮೈಕ್ ಅಂಟಿಸಿ, ಅದನ್ನು ಬೇರೆ ಚಾನೆಲ್‌ಗೆ ಕೊಡಿ. ಆಗ ಮುಂದಿನದು ಎಡಕ್ಕೆ, ಹಿಂದಿನದು ಬಲಕ್ಕೆ ಅಂತ ಸ್ಪೀಕರ್‌ನಲ್ಲಿ ಹಂಚಲೂಬಹುದು.

ಬಾರ್ ಹಿಂದೆಯೇ ಇನ್ನೊಂದು ಕೆಲಸ ಇದೆ. ಉಂಗುರದ ಬೆರಳನ್ನು ಎರಡನೇ ತಂತಿಗೆ ಕೊಕ್ಕೆ ಹಾಕಿ ಎಳೆಯಿರಿ. ಬಾರ್ ಅಲುಗಬಾರದು. ಓಪನ್ ಜಿ ಶ್ರುತಿಯಲ್ಲಿ (ಬಿಟ್ಟ ತಂತಿಗಳೇ ಜಿ ಮೇಜರ್ ಕಾರ್ಡ್ ಕೊಡುವ ಜೋಡಣೆ) ಎರಡನೇ ತಂತಿ ಬಿ. ಬಾರ್ 5ರಲ್ಲಿದ್ದರೆ ಅದು ಇ ಆಗಿರುತ್ತೆ, ಅರ್ಧ ಸ್ವರ ಎಳೆದರೆ ಎಫ್. ಉಳಿದ ತಂತಿಗಳು ನಿಂತಲ್ಲೇ ನಿಂತು ಇದೊಂದೇ ಏರಿ ಇಳಿಯುತ್ತೆ, ಕಾಲಿನ ಪೆಡಲ್ ಒತ್ತಿ ತಂತಿಯ ಸ್ವರ ಬದಲಿಸುವ ಪೆಡಲ್ ಸ್ಟೀಲ್ ಗಿಟಾರನ್ನು ಪೆಡಲ್ ಇಲ್ಲದೆಯೇ ಕೇಳಿದ ಹಾಗೆ. ಬೆರಳು ಉರಿಯುತ್ತೆ ಮೊದಮೊದಲು.

ಬಾರನ್ನು ಓರೆ ಇಡೋದು ಹಳೇ ವಿದ್ಯೆ, ವಿಚಿತ್ರ ಅನ್ನೋ ಹಾಗಿಲ್ಲ, ಆದರೂ ಅದು ಬರದೆ ಮುಂದೆ ಹೋಗಬೇಡಿ. ಸಿ6 ಅನ್ನೋ ಇನ್ನೊಂದು ಶ್ರುತಿ ಜೋಡಣೆಯ ಮೇಲಿನ ಎರಡು ತಂತಿ ಇ ಮತ್ತು ಸಿ. ಬಾರ್ ನೆಟ್ಟಗಿದ್ದರೆ ಅವುಗಳ ನಡುವೆ 4 ಫ್ರೆಟ್ ಅಂತರ. ಮೊದಲ ತಂತಿಯ ಕಡೆ ತುದಿಯನ್ನು ಒಂದು ಫ್ರೆಟ್ ಮುಂದೆ ಓರೆ ಮಾಡಿದರೆ 5, ಹಿಂದೆ ಮಾಡಿದರೆ 3. ಎಳೆಯುತ್ತಲೇ ಓರೆ ಬದಲಿಸಿದರೆ ಎರಡು ದನಿ ಎರಡು ವೇಗದಲ್ಲಿ ಹೋಗುತ್ತವೆ, ಕೇಳೋಕೆ ಸ್ವಲ್ಪ ತಲೆ ತಿರುಗುತ್ತೆ, ಚೆನ್ನಾಗಿರುತ್ತೆ.

ಇನ್ನು ಒತ್ತಡ. ಬಾರ್‌ನ ಪೂರ್ತಿ ತೂಕ ಬಿಡದೆ, ತಂತಿಗೆ ತಾಗಿಯೂ ತಾಗದ ಹಾಗೆ ಎತ್ತಿ ಹಿಡಿದರೆ ಝೇಂಕಾರ ಬರುತ್ತೆ. ನಾವು ದೋಷ ಅಂತ ಬಿಟ್ಟುಬಿಡುವ ಶಬ್ದವೇ ಅದು. ಅದನ್ನು ನಿಲ್ಲಿಸಿಕೊಂಡು ಸ್ವರ ಬದಲಿಸೋದು ಕಷ್ಟ, ಕೈ ನಡುಗುತ್ತೆ, ಆದರೆ ಒಂದು ಸಲ ಹಿಡಿತ ಸಿಕ್ಕರೆ ಬಿಡೋಕೆ ಮನಸ್ಸಾಗಲ್ಲ. ಬುಲೆಟ್ ಬಾರ್‌ನ ಮೂತಿಯನ್ನಷ್ಟೇ ಒಂದು ತಂತಿಗೆ ಇಟ್ಟು ಉಳಿದವನ್ನು ಬಿಟ್ಟ ತಂತಿಯಾಗಿ ಮೊಳಗಿಸೋದೂ ಇದೆ. ಮೀಟದೆ ಬಾರ್‌ನಿಂದಲೇ ತಂತಿಗೆ ಮೆಲ್ಲಗೆ ಬಡಿಯೋದೂ ಇದೆ. ಒಂದೆರಡು ಸೆಂಟಿಮೀಟರ್ ಎತ್ತರದಿಂದ ಸಾಕು, ಸುತ್ತಿಗೆ ಥರ ಬೇಡ.

ಹಾಂ, ಸ್ಕ್ರೂಡ್ರೈವರ್. ಅದನ್ನು ತಂತಿ ಮೇಲೆ ಎಳೆಯೋದಕ್ಕಿಂತ, ಉಕ್ಕಿನ ಭಾಗವನ್ನು ಪಿಕಪ್ ಮೇಲೆ ಮುಟ್ಟದೆ ಬೇಗ ಬೇಗ ಆಡಿಸಿ ನೋಡಿ. ತಂತಿ ಮೀಟದೆಯೇ ಆಂಪ್‌ನಲ್ಲಿ ಶಬ್ದ ಬರುತ್ತೆ, ಕಬ್ಬಿಣ ಅಲುಗಿದಾಗ ಪಿಕಪ್‌ನ ಅಯಸ್ಕಾಂತ ಕ್ಷೇತ್ರವೂ ಅಲುಗೋದರಿಂದ. ಗಾಜು, ಹಿತ್ತಾಳೆ ಹಿಡಿದರೆ ಈ ಆಟ ನಡೆಯಲ್ಲ.

ಹಾಳಾಗೋ ವಿಚಾರ. ಸರಿಯಾದ ಲ್ಯಾಪ್ ಸ್ಟೀಲ್‌ನಲ್ಲಿ ತಂತಿ ಎತ್ತರಕ್ಕಿರುತ್ತೆ, ಬಾರ್ ಕೆಳಗಿನ ಹಲಗೆಗೆ ತಾಗೋದೇ ಇಲ್ಲ. ಹಾಗಾಗಿ ಸವೆಯೋದು ತಂತಿ, ಬದಲಾಯಿಸಬಹುದು. ಥ್ರೆಡ್ ಇರೋ ಬೋಲ್ಟ್, ಒರಟು ಅಂಚಿನ ಲೋಹ ದಪ್ಪ ತಂತಿಯ ಸುತ್ತುಗಳಿಗೆ ಸಿಕ್ಕಿ ಕಿತ್ತುಬಿಡುತ್ತೆ, ಅವನ್ನು ತೆಳು ತಂತಿಗಳ ಮೇಲೆ ಮಾತ್ರ ಇಡಿ. ಬಿರುಕು ಬಿಟ್ಟ ಗಾಜು ಬೇಡವೇ ಬೇಡ. ಭಾರದ ವಸ್ತು ಜಾರಿ ಪಿಕಪ್ ಮೇಲೆ ಬೀಳದಂತೆ ನೋಡಿಕೊಳ್ಳಿ, ಒಳಗಿರೋದು ಕೂದಲಿನಷ್ಟು ತೆಳ್ಳಗಿನ ತಂತಿಯ ಸುರುಳಿ. ಆಂಪ್ ವಾಲ್ಯೂಮ್ ಕಡಿಮೆ ಇಟ್ಟು ಶುರು ಮಾಡಿ.

ಮಾಮೂಲಿ ಗಿಟಾರನ್ನೇ ತೊಡೆ ಮೇಲೆ ಮಲಗಿಸಿ ನುಡಿಸುತ್ತಿದ್ದರೆ ಮಾತ್ರ ಕತೆ ಬೇರೆ. ತಂತಿ ತಗ್ಗಿರೋದರಿಂದ ಪ್ರತಿ ಬಡಿತಕ್ಕೂ ಫ್ರೆಟ್‌ಗೆ ಏಟು ಬೀಳುತ್ತೆ. ನಟ್ ಮೇಲೆ ಕೂರಿಸಿ ತಂತಿ ಎತ್ತರಿಸುವ ಲೋಹದ ತೊಡಿಗೆ ಸಿಗುತ್ತೆ, ಮೊದಲು ಅದನ್ನು ಹಾಕಿಕೊಳ್ಳಿ.