ನಟಾಲಿ ವುಡ್ ಸಾವು: ಶವಪರೀಕ್ಷೆಯ ಮೇಜಿನಿಂದ ನೋಡಿದಾಗ

ನಾನು ಮುಂಬೈಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಶವಪರೀಕ್ಷೆ ಮಾಡುವ ವೈದ್ಯ. ಮಾಟುಂಗವೋ ಡೊಂಬಿವಲಿಯೋ, ನಮ್ಮ ಕನ್ನಡದ ಮಂದಿ ನಾಲ್ಕು ಜನ ಸೇರಿದ ಕಡೆ ನನ್ನ ಕೆಲಸ ಏನಂತ ಗೊತ್ತಾದರೆ ಸಾಕು, ಯಾರಾದರೊಬ್ಬರು ಪಕ್ಕಕ್ಕೆ ಕರೆದು ಕೇಳುತ್ತಾರೆ: "ಡಾಕ್ಟ್ರೇ, ನಿಜವಾಗ್ಲೂ ಏನಾಗಿತ್ತು?" 2018ರಲ್ಲಿ ಈ ಪ್ರಶ್ನೆ ಶ್ರೀದೇವಿ ಬಗ್ಗೆ ಇತ್ತು. ಈಚೆಗೆ ಹಾಲಿವುಡ್‌ನ ನಟಾಲಿ ವುಡ್ ಬಗ್ಗೆ ಕೇಳುವವರು ಜಾಸ್ತಿ. ನಲವತ್ತು ವರ್ಷ ದಾಟಿದ ಆ ಸಾವು ಈಗ ಎಲ್ಲರ ಮೊಬೈಲಿಗೆ ಬಂದು ಕೂತಿದೆ. ಕೇಳುವವರಿಗೆ ಒಂದು ಹೆಸರು ಬೇಕು. ನನ್ನ ಹತ್ತಿರ ಹೆಸರಿಲ್ಲ. ಆದರೆ ನೀರಿನಲ್ಲಿ ಸಿಕ್ಕ ದೇಹ ಏನು ಹೇಳುತ್ತದೆ, ಎಲ್ಲಿ ಸುಮ್ಮನಾಗುತ್ತದೆ ಅನ್ನುವುದನ್ನು ಹೇಳಬಲ್ಲೆ.

ಮೊದಲು ಗೊತ್ತಿರುವ ಸಂಗತಿ. 1981ರ ನವೆಂಬರ್ 28ರ ರಾತ್ರಿ, ಕ್ಯಾಲಿಫೋರ್ನಿಯಾದ ಕ್ಯಾಟಲಿನಾ ದ್ವೀಪದ ಬಳಿ 'ಸ್ಪ್ಲೆಂಡರ್' ಎಂಬ ವಿಹಾರ ನೌಕೆ ನಿಂತಿತ್ತು. ಅದರಲ್ಲಿ ಇದ್ದವರು ನಾಲ್ವರು. 43 ವರ್ಷದ ನಟಾಲಿ, ಅವರ ಗಂಡ ರಾಬರ್ಟ್ ವ್ಯಾಗ್ನರ್, ಸಹನಟ ಕ್ರಿಸ್ಟೋಫರ್ ವಾಕನ್, ನೌಕೆಯ ಕ್ಯಾಪ್ಟನ್. ಮರುದಿನ ಬೆಳಿಗ್ಗೆ ನೌಕೆಯಿಂದ ಸುಮಾರು ಒಂದು ಮೈಲಿ ದೂರದಲ್ಲಿ ನಟಾಲಿಯ ದೇಹ ಸಿಕ್ಕಿತು. ಮೈಮೇಲೆ ರಾತ್ರಿಯುಡುಪು, ಕಾಲಿಗೆ ಸಾಕ್ಸ್, ಮೇಲೆ ಕೆಂಪು ಜಾಕೆಟ್. ನೌಕೆಯ ಸಣ್ಣ ದೋಣಿ ದಡ ಸೇರಿತ್ತು. ರಕ್ತದಲ್ಲಿ ಮದ್ಯದ ಪ್ರಮಾಣ 0.14 ಶೇಕಡಾ. ಲಾಸ್ ಏಂಜಲೀಸ್‌ನ ಕರೋನರ್, ಅಂದರೆ ಅಸಹಜ ಸಾವುಗಳ ಕಾರಣ ನಿರ್ಧರಿಸುವ ಅಧಿಕಾರಿ, ಥಾಮಸ್ ನೊಗುಚಿ ಅದನ್ನು ಆಕಸ್ಮಿಕ ಮುಳುಗುವಿಕೆ ಅಂತ ಬರೆದರು. 2011ರಲ್ಲಿ ಪೊಲೀಸರು ತನಿಖೆ ಮತ್ತೆ ತೆರೆದರು. 2012ರಲ್ಲಿ ಮರಣಪತ್ರ ಬದಲಾಯಿತು: ಮುಳುಗಿ ಸತ್ತದ್ದು ಹೌದು, ಹೇಗೆ ನೀರಿಗೆ ಬಿದ್ದರು ಅನ್ನುವುದು ನಿರ್ಧಾರವಾಗಿಲ್ಲ. 2018ರಲ್ಲಿ ಪೊಲೀಸರು ವ್ಯಾಗ್ನರ್ ಅವರನ್ನು ಮಾತನಾಡಿಸಬೇಕಾದ ವ್ಯಕ್ತಿ ಅಂದರು. ಅವರು ತಮ್ಮ ಕೈವಾಡವಿಲ್ಲ ಅಂತಲೇ ಹೇಳುತ್ತ ಬಂದಿದ್ದಾರೆ. ಯಾರ ಮೇಲೂ ಮೊಕದ್ದಮೆ ದಾಖಲಾಗಲಿಲ್ಲ.

ಈ ಮರಣಪತ್ರದಲ್ಲಿ ಎರಡು ಬೇರೆ ಬೇರೆ ಉತ್ತರಗಳಿವೆ. ಜನ ಅವನ್ನು ಒಂದೇ ಅಂದುಕೊಳ್ಳುತ್ತಾರೆ. ಜೀವ ಯಾವುದರಿಂದ ಹೋಯಿತು ಅನ್ನುವುದು ಒಂದು. ಜಾರಿ ಬಿದ್ದರೋ, ತಾವೇ ಇಳಿದರೋ, ಯಾರಾದರೂ ತಳ್ಳಿದರೋ ಅನ್ನುವುದು ಇನ್ನೊಂದು. ಮೊದಲನೆಯದನ್ನು ನಾನು ಮೇಜಿನ ಮೇಲೆ ಹುಡುಕುತ್ತೇನೆ. ಎರಡನೆಯದು ಬಹಳ ಸಲ ಮೇಜಿನ ಮೇಲೆ ಇರುವುದೇ ಇಲ್ಲ. ಜಾರಿ ಬಿದ್ದವರ ಶ್ವಾಸಕೋಶಕ್ಕೂ ತಳ್ಳಿಸಿಕೊಂಡವರ ಶ್ವಾಸಕೋಶಕ್ಕೂ ನೀರು ಒಂದೇ ಥರ ನುಗ್ಗುತ್ತದೆ.

ಮುಳುಗಿದ್ದು ಅಂತ ಹೇಳುವುದೂ ಸುಲಭವಲ್ಲ. ಮುಳುಗಿದವರಿಗೆ ಮಾತ್ರ ಇದ್ದು ಬೇರೆ ಯಾರಿಗೂ ಇರದ ಒಂದೇ ಒಂದು ಗುರುತು ಅಂತ ಇಲ್ಲ. ಹೊಸ ದೇಹವಾದರೆ ಮೂಗು ಬಾಯಲ್ಲಿ ಬಿಳಿ, ಸಣ್ಣ ಗುಳ್ಳೆಯ ನೊರೆ ಇರುತ್ತದೆ. ಒರೆಸಿ ಎದೆ ಒತ್ತಿದರೆ ಮತ್ತೆ ಬರುತ್ತದೆ. ಶ್ವಾಸಕೋಶ ಉಬ್ಬಿ, ಪಕ್ಕೆಲುಬಿನ ಗುರುತು ಅದರ ಮೇಲೆ ಮೂಡಿರುತ್ತದೆ. ಹೊಟ್ಟೆಯಲ್ಲಿ ನೀರು, ಕೆಲವೊಮ್ಮೆ ಮರಳು. ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದ ಹುಲ್ಲೋ ಪಾಚಿಯೋ ಸಿಕ್ಕರೆ ಆ ಮನುಷ್ಯ ನೀರಿಗೆ ಬಿದ್ದಾಗ ಜೀವಂತ ಇದ್ದ ಅನ್ನಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಅಂಗೈ ಅಂಗಾಲಿನ ಚರ್ಮ ಸುಕ್ಕಾಗಿರುವುದು ಮಾತ್ರ ಏನೂ ಹೇಳುವುದಿಲ್ಲ. ಹೆಣವನ್ನು ನೀರಿಗೆ ಹಾಕಿದರೂ ಅದು ಸುಕ್ಕಾಗುತ್ತದೆ. ಇನ್ನು ಡಯಾಟಮ್ ಪರೀಕ್ಷೆ. ನೀರಿನಲ್ಲಿ ಗಾಜಿನಂಥ ಕವಚದ ಸೂಕ್ಷ್ಮ ಪಾಚಿ ಇರುತ್ತದೆ. ಹೃದಯ ಬಡಿಯುತ್ತಿದ್ದಾಗ ಉಸಿರಿನ ಜೊತೆ ನೀರು ಒಳಹೋದರೆ ಅದು ರಕ್ತದಲ್ಲಿ ಸಾಗಿ ಎಲುಬಿನ ಮಜ್ಜೆವರೆಗೂ ಹೋಗುತ್ತದೆ. ಅದಕ್ಕೇ ತೊಡೆಯ ಎಲುಬನ್ನೋ ಎದೆಯ ಎಲುಬನ್ನೋ ಪ್ರಯೋಗಾಲಯಕ್ಕೆ ಕಳಿಸುತ್ತೇವೆ, ಜೊತೆಗೆ ದೇಹ ಸಿಕ್ಕ ಜಾಗದ ನೀರನ್ನೂ. ಆ ನೀರಿನ ಸ್ಯಾಂಪಲ್ ತೆಗೆಯುವುದನ್ನು ಮರೆತರೆ ಹೋಲಿಸಿ ನೋಡಲು ಏನೂ ಉಳಿಯುವುದಿಲ್ಲ. ಕೊಳೆಯಲು ಶುರುವಾದ ದೇಹದಲ್ಲಿ ಮೇಲೆ ಹೇಳಿದ ಅರ್ಧಕ್ಕರ್ಧ ಗುರುತು ಮಾಯ. ಕೊಳೆಯುವಾಗ ದೇಹದಲ್ಲೇ ಮದ್ಯಸಾರ ಹುಟ್ಟಿಕೊಳ್ಳುತ್ತದೆ, ಹಾಗಾಗಿ ರಕ್ತದಲ್ಲಿ ಮದ್ಯ ಸಿಕ್ಕಿತು ಅಂದಕೂಡಲೇ ಕುಡಿದಿದ್ದರು ಅನ್ನುವ ಹಾಗೂ ಇಲ್ಲ. ಕಣ್ಣಿನೊಳಗಿನ ದ್ರವವನ್ನೂ ನೋಡಬೇಕು.

ಆದರೆ ಜಾಸ್ತಿ ಗದ್ದಲ ಆಗುವುದು ಗಾಯದ ವಿಷಯಕ್ಕೆ. ಒಂದು ಮಳೆಗಾಲ ಸಮುದ್ರದಲ್ಲಿ ಮುಳುಗಿದ ಹುಡುಗನ ದೇಹ ನಮ್ಮಲ್ಲಿಗೆ ಬಂತು. ಮನೆಯವರು ಕಲಬುರಗಿ ಕಡೆಯವರು, ಕಟ್ಟಡದ ಕೆಲಸಕ್ಕೆ ಬಂದವರು. ನಾನು ಕನ್ನಡದವನು ಅಂತ ತಿಳಿದು ಹುಡುಗನ ಕಾಕಾ ಶವಾಗಾರದ ಬಾಗಿಲಲ್ಲೇ ನನ್ನನ್ನು ತಡೆದರು. "ಸಾಹೇಬ್ರ, ಹಣಿ ಮ್ಯಾಲ ಗಾಯ ಐತಿ, ಮುಂಗೈ ಗೆಣ್ಣು ಕಿತ್ತಾವ. ಸಂಗಾಟ ಹೋದವ್ರ ಹೊಡೆದಾರ್ರೀ." ಅವರ ಸಂಶಯದಲ್ಲಿ ತಪ್ಪೇನಿರಲಿಲ್ಲ. ನೋಡಿದವರಿಗೆ ಯಾರಿಗಾದರೂ ಹಾಗೇ ಅನಿಸುತ್ತದೆ. ನಾನು ಗಾಯ ಇದ್ದ ಕಡೆ ಚರ್ಮ ಕೊಯ್ದು ನೋಡಿದೆ. ಒಳಗೆ ರಕ್ತ ಹರಡಿರಲಿಲ್ಲ. ಬದುಕಿದ್ದಾಗ ಪೆಟ್ಟು ಬಿದ್ದರೆ ಚರ್ಮದ ಕೆಳಗೆ ರಕ್ತ ಹೆಪ್ಪುಗಟ್ಟಿ ನಿಂತಿರುತ್ತದೆ, ನೀರು ಹಾಕಿ ತೊಳೆದರೂ ಹೋಗುವುದಿಲ್ಲ. ಹೊರಗೆ ಬಂದು ಹೇಳಿದೆ: "ಕಾಕಾ, ನೀರಾಗ ದೇಹ ಮುಖ ಕೆಳಗ ಮಾಡಿ ತೇಲತೈತ್ರಿ. ಕೈ ಕಾಲು ಜೋತು ಬೀಳತಾವ. ಅಲೆ ಎಳೆದಾಡಿದಾಗ ಹಣಿ, ಮುಂಗೈ, ಮೊಣಕಾಲು ಕಲ್ಲಿಗೆ ತಿಕ್ಕತಾವ." ಅವರು ತುಂಬ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಆ ಜೊತೆಗಾರ ಹುಡುಗರನ್ನು ಪೊಲೀಸ್ ಠಾಣೆಯಿಂದ ಯಾವಾಗ ಬಿಡುತ್ತಾರೆ ಅಂತ ಕೇಳಿದರು.

ನಟಾಲಿ ವಿಷಯದಲ್ಲಿ 2012ರಲ್ಲಿ ನಡೆದದ್ದು ಇದೇ ಬಗೆಯ ತರ್ಕ, ಆದರೆ ಉತ್ತರ ಉಲ್ಟಾ. ಆಗ ಅಲ್ಲಿನ ಮುಖ್ಯ ವೈದ್ಯಾಧಿಕಾರಿ ಭಾರತ ಮೂಲದ ಡಾ. ಲಕ್ಷ್ಮಣನ್ ಸತ್ಯವಾಗೀಶ್ವರನ್. ಹಳೆಯ ದಾಖಲೆ ಮತ್ತೆ ಓದಿ, ತೋಳು, ಮಣಿಕಟ್ಟು, ಮೊಣಕಾಲಿನ ಮೇಲಿನ ಕಂದು ಗಾಯಗಳು ಹೊಸದಾಗಿದ್ದವು, ನೀರಿಗೆ ಬೀಳುವ ಮೊದಲೇ ಆಗಿರಬಹುದು ಅಂತ ಬರೆದರು. ನಟಾಲಿ ತಮ್ಮ ಇಚ್ಛೆಯಿಲ್ಲದೆ ನೀರಿಗೆ ಬಿದ್ದಿರಬಹುದು ಅನ್ನುವುದನ್ನು ತಳ್ಳಿಹಾಕಲು ಆಗುವುದಿಲ್ಲ ಅಂದರು. ಆದರೆ ಯಾರೋ ಹೊಡೆದರು ಅಂತ ಬರೆಯಲಿಲ್ಲ. ಸಣ್ಣ ದೋಣಿಗೆ ಕತ್ತಲಲ್ಲಿ ಇಳಿಯುವಾಗ ಎಡವಿದರೂ ತೋಳು ಮೊಣಕಾಲಿಗೆ ಪೆಟ್ಟಾಗುತ್ತದೆ, ಕೈ ಹಿಡಿದು ಎಳೆದಾಡಿದರೂ ಆಗುತ್ತದೆ. ಮೂವತ್ತು ವರ್ಷದ ಮೇಲೆ ಬರೀ ಕಾಗದ, ಫೋಟೋ ಇಟ್ಟುಕೊಂಡು ಇವೆರಡನ್ನು ಬೇರೆ ಮಾಡಲು ಬರುವುದಿಲ್ಲ. ಅದಕ್ಕೇ ಮರಣಪತ್ರದಲ್ಲಿ ಆ ಎರಡನೇ ಉತ್ತರದ ಜಾಗವನ್ನು ತೆರೆದು ಬಿಟ್ಟರು. ನನಗೆ ಅದು ಧೈರ್ಯದ ಕೆಲಸ ಅನಿಸುತ್ತದೆ. ಜಗತ್ತೇ ಒಂದು ಹೆಸರಿಗೆ ಕಾಯುತ್ತಿರುವಾಗ, ಇರುವಷ್ಟೇ ಬರೆದು ಪೆನ್ನು ಕೆಳಗಿಡುವುದು ಸಣ್ಣ ಮಾತಲ್ಲ.

ಜನ ಆ ತೆರೆದ ಜಾಗವನ್ನು ತಪ್ಪೊಪ್ಪಿಗೆಯ ಥರ ಓದಿಬಿಟ್ಟರು. ಅವರ ವಾದ ಗಮನಿಸಿ. ನಟಾಲಿಗೆ ನೀರಿನ ಭಯ ಇತ್ತು, ಹಾಗಾಗಿ ರಾತ್ರಿ ದೋಣಿ ಹತ್ತಿರ ಹೋಗಿರಲು ಸಾಧ್ಯವೇ ಇಲ್ಲ ಅನ್ನುತ್ತಾರೆ. ನೀರಿನ ಭಯ ಇದ್ದವರು ಆ ನೌಕೆಯಲ್ಲೇ ರಜೆ ಕಳೆಯುತ್ತಿದ್ದರು. ಮದ್ಯ ಮನಸ್ಸಿನ ಭಯವನ್ನೂ ಕಾಲಿನ ಹಿಡಿತವನ್ನೂ ಒಟ್ಟಿಗೆ ತೆಗೆಯುತ್ತದೆ. ನೆನೆದ ಜಾಕೆಟ್ ಹಾಕಿಕೊಂಡು ತಣ್ಣನೆಯ ನೀರಿನಿಂದ ಮೇಲೆ ಹತ್ತುವುದು ಈಜು ಬಲ್ಲವರಿಗೂ ಕಷ್ಟ. ಇಷ್ಟಾದರೂ ಇದು ಆಕಸ್ಮಿಕ ಅಂತ ಸಾಬೀತಾಗುವುದಿಲ್ಲ. ಭಯದ ಕಥೆಯಿಂದ ಕೊಲೆಯೂ ಸಾಬೀತಾಗುವುದಿಲ್ಲ, ಅಷ್ಟೇ. ಗಂಡ ಹೆಂಡತಿ ಜಗಳವಾಡಿದ್ದರು ಅನ್ನುವುದೂ ಹಾಗೇ. ಜಗಳ ಆಡಿದ ರಾತ್ರಿ ಸತ್ತವರೆಲ್ಲರೂ ಜಗಳದಿಂದ ಸತ್ತವರಲ್ಲ.

ಶ್ರೀದೇವಿ ವಿಷಯಕ್ಕೆ ನನಗೆ ಇನ್ನೂ ನೋವಿದೆ. 2018ರ ಫೆಬ್ರವರಿ 24ರಂದು ದುಬೈ ಹೋಟೆಲಿನ ಸ್ನಾನದ ತೊಟ್ಟಿಯಲ್ಲಿ ಅವರು ತೀರಿಕೊಂಡರು. ಮೊದಲು ಹೃದಯಾಘಾತ ಅಂತ ಸುದ್ದಿ ಬಂತು, ಆಮೇಲೆ ಮುಳುಗಿದ್ದು ಅಂತ ವರದಿ ಬಂತು. ತನಿಖೆ ಮುಗಿಸಿ ಅಲ್ಲಿನ ಪ್ರಾಸಿಕ್ಯೂಷನ್ ಕಡತ ಮುಚ್ಚಿತು. ಅಷ್ಟರಲ್ಲಿ ನಮ್ಮ ಚಾನೆಲ್‌ಗಳು ತೊಟ್ಟಿಯ ಚಿತ್ರ ಹಾಕಿ ದಿನಗಟ್ಟಲೆ ಚರ್ಚೆ ನಡೆಸಿದವು. "ಅಷ್ಟು ಕಡಿಮೆ ನೀರಲ್ಲಿ ಯಾರಾದ್ರೂ ಮುಳುಗ್ತಾರಾ?" ಅಂತ ನನ್ನನ್ನು ಕೇಳದವರೇ ಇಲ್ಲ. ಮುಳುಗುತ್ತಾರೆ. ಪ್ರಜ್ಞೆ ತಪ್ಪಿದವರಿಗೆ ಮೂಗು ಬಾಯಿ ಮುಚ್ಚುವಷ್ಟು ನೀರು ಸಾಕು. ಜಪಾನಿನಲ್ಲಿ ಪ್ರತಿವರ್ಷ ಸಾವಿರಾರು ವಯಸ್ಸಾದವರು ಮನೆಯ ಸ್ನಾನದ ತೊಟ್ಟಿಯಲ್ಲೇ ಸಾಯುತ್ತಾರೆ. ಮುಂಬೈಯಲ್ಲಿ ಬಕೆಟ್‌ಗೆ ತಲೆಕೆಳಗಾಗಿ ಬಿದ್ದ ಕೂಸುಗಳನ್ನು ನಾನು ನೋಡಿದ್ದೇನೆ. ಅಮ್ಮನನ್ನು ಕಳೆದುಕೊಂಡ ಇಬ್ಬರು ಹೆಣ್ಣುಮಕ್ಕಳು ಆ ಚಾನೆಲ್‌ಗಳನ್ನು ನೋಡಿರುತ್ತಾರೆ ಅಲ್ವಾ?

ಹಾಗಂತ ಸಂಶಯ ಪಡುವುದೇ ತಪ್ಪು ಅಂತ ನಾನು ಯಾವತ್ತೂ ಹೇಳುವುದಿಲ್ಲ. 2008ರ ಫೆಬ್ರವರಿಯಲ್ಲಿ ಗೋವಾದ ಅಂಜುನಾ ತೀರದಲ್ಲಿ 15 ವರ್ಷದ ಬ್ರಿಟಿಷ್ ಹುಡುಗಿಯ ದೇಹ ಸಿಕ್ಕಿತು. ಮುಳುಗಿದ್ದು ಅಂತ ಪೊಲೀಸರು ಕೈತೊಳೆದುಕೊಳ್ಳಲು ಹೊರಟಿದ್ದರು. ತಾಯಿ ಬಿಡಲಿಲ್ಲ. ಎರಡನೇ ಶವಪರೀಕ್ಷೆ ಮಾಡಿಸಿದರು. ಮೈಮೇಲೆ 50ಕ್ಕೂ ಹೆಚ್ಚು ಗಾಯಗಳಿದ್ದವು. 2016ರಲ್ಲಿ ಇಬ್ಬರು ಆರೋಪಿಗಳೂ ಬಿಡುಗಡೆಯಾದರು. 2019ರಲ್ಲಿ ಗೋವಾದ ಹೈಕೋರ್ಟ್ ಪೀಠ ಅವರಲ್ಲಿ ಒಬ್ಬನಿಗೆ 10 ವರ್ಷ ಶಿಕ್ಷೆ ವಿಧಿಸಿತು. ಆ ತಾಯಿ ಊಹೆ ಹೇಳುತ್ತ ಕೂರಲಿಲ್ಲ. ದೇಹವನ್ನು ಮತ್ತೊಮ್ಮೆ ನೋಡಿ ಅಂತ ಪಟ್ಟು ಹಿಡಿದರು, ದೇಹ ಇನ್ನೂ ಇದ್ದಾಗಲೇ ಹಿಡಿದರು.

ನಮ್ಮಲ್ಲಿ ಕರೋನರ್ ಈಗ ಇಲ್ಲ. ಮುಂಬೈಯಲ್ಲಿ 1999ರವರೆಗೆ ಇದ್ದರು. ಈಗ ಪೊಲೀಸರು ಎಡಿಆರ್ (ಆಕಸ್ಮಿಕ ಸಾವಿನ ವರದಿ) ದಾಖಲಿಸುತ್ತಾರೆ, ಪಂಚನಾಮೆ ಮಾಡುತ್ತಾರೆ, ದೇಹ ನಮಗೆ ಕಳಿಸುತ್ತಾರೆ. ನಾವು ಒಳಾಂಗ, ರಕ್ತ ತೆಗೆದು ಮುಂಬೈಯ ಕಾಲಿನಾದಲ್ಲಿರುವ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿ, ಅಭಿಪ್ರಾಯ ಕಾಯ್ದಿರಿಸಿದೆ ಅಂತ ಬರೆಯುತ್ತೇವೆ. ವರದಿ ಬರಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಗಾಳಿಸುದ್ದಿ ಬೆಳೆಯುವುದು ಈ ಸಮಯದಲ್ಲೇ. ಡಾಕ್ಟರ್ ಏನೋ ಮುಚ್ಚಿಡುತ್ತಿದ್ದಾರೆ ಅಂತ ಮನೆಯವರಿಗೂ ಅನಿಸುತ್ತದೆ.

ನಿಮ್ಮ ಮನೆಯಲ್ಲಿ ಇಂಥದ್ದು ಆಗದಿರಲಿ. ಆದರೆ, ಸಂಶಯ ಇದ್ದರೆ ಅಂತ್ಯಕ್ರಿಯೆಗೆ ಮೊದಲೇ ಪೊಲೀಸರಿಗೆ ಲಿಖಿತವಾಗಿ ಕೊಡಿ. ಶವಪರೀಕ್ಷೆಯ ವಿಡಿಯೋ ಚಿತ್ರೀಕರಣ ಆಗಲಿ ಅಂತ ಕೇಳಿ. ಉಗುರಿನ ತುದಿ, ಮೈಮೇಲಿದ್ದ ಬಟ್ಟೆ ತೆಗೆದಿಡಲು ಹೇಳಿ. ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಕೊಳೆತು ಹೋಗುತ್ತದೆ, ನೆರಳಲ್ಲಿ ಒಣಗಿಸಿ ಕಾಗದದ ಚೀಲದಲ್ಲಿ ಇಡಬೇಕು. ದೇಹ ಸಿಕ್ಕ ಜಾಗದ ನೀರು ತೆಗೆದಿದ್ದಾರಾ ಅಂತ ವಿಚಾರಿಸಿ. ಎರಡನೇ ಶವಪರೀಕ್ಷೆ ಬೇಕೆಂದರೆ ಅದೇ ದಿನ ವಕೀಲರನ್ನು ಕಾಣಿ. ಎಡಿಆರ್ ನಂಬರ್ ಬರೆದಿಟ್ಟುಕೊಳ್ಳಿ. ಆಮೇಲೆ ಕಾಲಿನಾದ ವರದಿ ಬಂತಾ ಅಂತ ಠಾಣೆಯಲ್ಲಿ ಕೇಳುವಾಗ ಅವರು ಮೊದಲು ಕೇಳುವುದು ಆ ನಂಬರನ್ನೇ.